ಹಿಂದಕ್ಕೆ ಓಡಿಸಿದ ಅಣು

ನನ್ನ ಪಿಎಚ್‌ಡಿ ಪ್ರಬಂಧ ಏಳು ವರ್ಷ ಎಳೆದಿತ್ತು. ದಾದರಿನ ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡಿ, ಮುಲುಂಡಿನ ಮನೆಗೆ ಬಂದು ಕುಕ್ಕರ್ ಇಟ್ಟು, ಉಳಿದ ಚೂರುಪಾರು ಹೊತ್ತಿನಲ್ಲಿ ಬರೆದದ್ದು. ರಿಜಿಸ್ಟ್ರೇಶನ್ ಮುಗಿಯಲು ಇನ್ನು ಮೂರು ವಾರ ಉಳಿದಿತ್ತು. ಅಷ್ಟರೊಳಗೆ ಸಲ್ಲಿಸದಿದ್ದರೆ ಏಳು ವರ್ಷವೂ ನೀರಿನಲ್ಲಿ ಮಾಡಿದ ಹೋಮ.

ವಿಷಯ ಹೇಳುವುದಕ್ಕೇನೋ ಸುಲಭ. ಮಡಚಿಕೊಂಡಿರುವ ಒಂದು ಅಣುವನ್ನು ಕಂಪ್ಯೂಟರಿನಲ್ಲಿ ಹಿಡಿದೆಳೆದು ಬಿಡಿಸಬೇಕು. ಆಮೇಲೆ ಕಾಲವನ್ನೇ ತಿರುಗಿಸಿದ ಹಾಗೆ ಅದೇ ವೇಗದಲ್ಲಿ ಮತ್ತೆ ಮಡಚಬೇಕು. ಎಳೆಯಲು ಪಟ್ಟ ಶ್ರಮವೆಲ್ಲ ವಾಪಸ್ ಸಿಗುವುದಿಲ್ಲ, ಒಂದಿಷ್ಟು ಬಿಸಿಯಾಗಿ ಸೋರಿಹೋಗುತ್ತದೆ. ನೂರಾರು ಸಲ ಬಿಡಿಸಿ, ನೂರಾರು ಸಲ ಮಡಚಿ, ಎರಡರಲ್ಲೂ ಎಷ್ಟು ಶ್ರಮ ಎಷ್ಟು ಸಲ ಬಂತೆಂದು ಗುಡ್ಡದಾಕಾರದ ಗೆರೆಗಳಾಗಿ ಬರೆದರೆ, ಅವು ಒಂದನ್ನೊಂದು ದಾಟುವ ಜಾಗದಲ್ಲಿ ಮುಕ್ತ ಶಕ್ತಿಯ ವ್ಯತ್ಯಾಸ ಸಿಗುತ್ತದೆ. ಅಂದರೆ ಸೋರಿದ್ದನ್ನು ಬಿಟ್ಟು ನಿಜವಾಗಿ ಬೇಕಾಗಿದ್ದ ಶ್ರಮ. ನನ್ನ ಗೆರೆಗಳು ಬಹಳ ಅಂದವಾಗಿ ದಾಟಿದ್ದವು. ಅದೇ ನನ್ನ ಮುಖ್ಯ ಅಧ್ಯಾಯವಾಗಿತ್ತು.

ಬೆಳಿಗ್ಗೆ ಮುಲುಂಡಿನಲ್ಲಿ ದಾದರ್ ಕಡೆಯ ಲೋಕಲ್ ಹತ್ತಿ ಸೀಟು ಹುಡುಕುವವರು ಹೊಸಬರು. ನಾವು ಪಳಗಿದವರು ಉಲ್ಟಾ ಗಾಡಿ ಹಿಡಿದು ಒಂದು ಸ್ಟೇಶನ್ ಹಿಂದಕ್ಕೆ, ಠಾಣೆಗೆ ಹೋಗುತ್ತೇವೆ. ಅಲ್ಲಿಂದಲೇ ತಿರುಗುವ ಗಾಡಿಯಾದರೆ ಇಳಿಯುವುದೇ ಇಲ್ಲ, ಕಿಟಕಿಗೆ ಅಂಟಿಕೊಂಡು ಕೂತುಬಿಡುತ್ತೇವೆ. ಅವತ್ತು ಠಾಣೆಯಲ್ಲಿ ಹತ್ತಿದ ಹೆಂಗಸೊಬ್ಬಳು ನನ್ನ ಮೇಲೆ ಹರಿಹಾಯ್ದಳು.

"ಯೇ ಗಾಡಿ ಥಾನೆ ಸೇ ಶುರು ಹೋತೀ ಹೈ. ಆಪ್ ಪೆಹಲೇ ಸೇ ಕೈಸೇ ಬೈಠೀ ಹೋ?"

ಇಲ್ಲಿಂದ ಹೊರಡುವ ಗಾಡಿಯಲ್ಲಿ ನೀನು ಮೊದಲೇ ಕೂತಿರುವುದು ಯಾವ ನ್ಯಾಯ ಅಂತ. ನಾನೂ ಬಿಡಲಿಲ್ಲ, ಬಾಯಿಗೆ ಬಾಯಿ ಕೊಟ್ಟೆ. ಭಾಂಡುಪ್ ದಾಟುವಾಗ ಅವಳ ಮಾತು ತಲೆಯೊಳಗೆ ಇಳಿಯಿತು.

ಅಣುವಿನ ಹಿಮ್ಮುಖ ಓಟವೂ ಹೊಸದಾಗಿ ಶುರುವಾಗಬೇಕು. ಬಿಡಿಸಿದ ಅಣು ಆ ತುದಿಯಲ್ಲಿ ಸುಧಾರಿಸಿಕೊಂಡು, ಎಳೆದಾಟದ ನೆನಪೇ ಇಲ್ಲದಂತಾದ ಮೇಲೆ ಮಡಚಲು ಹೊರಡಬೇಕು. ನಾನು ಎಳೆದು ನಿಲ್ಲಿಸಿದ ಕ್ಷಣದಲ್ಲೇ ತಿರುಗಿಸಿದ್ದೆ, ಠಾಣೆಯಲ್ಲಿ ಇಳಿಯದೆ ಕೂತವಳ ಹಾಗೆ. ಪೂರ್ತಿ ಬಿಚ್ಚಿಕೊಳ್ಳದ ಅಣು ಸಲೀಸಾಗಿ ಮಡಚಿಕೊಂಡಿತ್ತು, ಅದಕ್ಕೇ ಸೋರಿಕೆ ಕಡಿಮೆ ಕಂಡಿತ್ತು. ಆ ರಾತ್ರಿ ಪ್ರೋಗ್ರಾಮ್ ತಿದ್ದಿ ಕೆಲವು ಸಲ ಓಡಿಸಿ ನೋಡಿದೆ. ಎರಡು ಗುಡ್ಡಗಳೂ ದೂರ ದೂರ, ಎಲ್ಲಿಯೂ ಸೇರುವುದೇ ಇಲ್ಲ. ಅವು ಸೇರಬೇಕೆಂದರೆ ಇನ್ನೂ ಬಹಳ ನಿಧಾನವಾಗಿ ಎಳೆಯಬೇಕು, ಅದಕ್ಕೆ ಕಮ್ಮಿಯೆಂದರೂ ಎಂಟು ತಿಂಗಳು ಬೇಕು. ತಲೆ ಚಚ್ಚಿಕೊಳ್ಳುವಂತಾಯಿತು.

ನನ್ನ ಗೈಡ್ ಉಡುಪಿ ಕಡೆಯವರು, ನಿವೃತ್ತಿಯ ಅಂಚಿನಲ್ಲಿದ್ದರು. ನಡೆದದ್ದೆಲ್ಲ ಹೇಳಿ, ಅವಧಿ ವಿಸ್ತರಣೆಯ ಅರ್ಜಿಗೆ ಸಹಿ ಕೇಳಿದೆ.

"ಎಂತಕ್ಕೆ ಮಾರಾಯ್ರೆ? ಎಕ್ಸ್‌ಟೆನ್ಶನ್ ಎರಡು ಸಲ ಆಯ್ತಲ್ಲ, ಇನ್ನು ಕೊಡುದಿಲ್ಲ ಅವ್ರು. ಸಬ್ಮಿಟ್ ಮಾಡಿ ಬಿಡಿ."

"ತಪ್ಪು ಅಂತ ಗೊತ್ತಿದ್ದೂ ಹ್ಯಾಗೆ ಕೊಡ್ಲಿ ಸರ್? ಪರೀಕ್ಷಕರು ನೋಡಿದ್ರೆ?"

"ನೋಡುದಿಲ್ಲ." ಕನ್ನಡಕ ತೆಗೆದು ಒರೆಸಿಕೊಂಡರು. "ನಾನು ಮೂರು ವರ್ಷದ ಹಿಂದೆಯೇ ನೋಡಿದ್ದೆ. ನಿಮ್ಮ ರಿಪೋರ್ಟಿನಲ್ಲೇ ಇತ್ತು. ಮನೆ, ಕಾಲೇಜು ಎಲ್ಲ ಸಂಭಾಳಿಸಿಕೊಂಡು ಬರ್ತಾರೆ ಪಾಪ, ಹೇಗಾದ್ರೂ ಮುಗಿಸ್ಲಿ ಅಂತ ಸುಮ್ಮನಾದೆ."

ತಪ್ಪು ನನ್ನದೇ, ಅದನ್ನು ಒಪ್ಪಿದ್ದೆ. ಆದರೆ ಮೂರು ವರ್ಷದ ಹಿಂದೆ ಎಂಟು ತಿಂಗಳು ನನ್ನ ಕೈಯಲ್ಲಿತ್ತು. ಗಂಡಸು ವಿದ್ಯಾರ್ಥಿಗಳ ರಿಪೋರ್ಟನ್ನು ಇವರು ಮೇಜಿನ ಮೇಲೆ ಎಸೆದು ಬೈದದ್ದನ್ನು ಕಣ್ಣಾರೆ ಕಂಡಿದ್ದೇನೆ. ನನಗೆ ಮಾತ್ರ ಚಹಾ ತರಿಸಿಕೊಡುತ್ತಿದ್ದರು. ಕಣ್ಣಲ್ಲಿ ನೀರು ಬಂತು, ಬಂದದ್ದಕ್ಕೂ ಸಿಟ್ಟು ಬಂತು.

"ಸಹಿ ಹಾಕಿ ಸರ್" ಅಂದೆ. ಹಾಕಿದರು.

ಹತ್ತು ದಿನಕ್ಕೆ ಅರ್ಜಿ ತಿರಸ್ಕಾರವಾಗಿ ಬಂತು. ತಪ್ಪು ಪ್ರಬಂಧವನ್ನು ನಾನು ಸಲ್ಲಿಸಲಿಲ್ಲ, ರಿಜಿಸ್ಟ್ರೇಶನ್ ಮುಗಿದುಹೋಯಿತು. ಅವರು ಫೋನ್ ಮಾಡಿ, ತಾವು ಒಳ್ಳೆಯದಕ್ಕೇ ಸುಮ್ಮನಿದ್ದದ್ದು, ಕ್ಷಮಿಸಬೇಕು ಅಂದರು. ನಾನಿನ್ನೂ ಕ್ಷಮಿಸಿಲ್ಲ.