ಗೌರಿ ತಿಂದ ಹಣ್ಣು

ಮದುವೆಯಾಗಿ ಇಪ್ಪತ್ತೇ ದಿನ! ಹಿರಿಯೂರಿನ ಹತ್ತಿರ ನಮ್ಮವರ ಹೆಬ್ಬೇವಿನ ತೋಟ ಎಷ್ಟು ಚೆಂದ ಅಂತೀರಾ! ಇವತ್ತು ಅತ್ತೆ ಒಂದು ಬುಟ್ಟಿ ಹಳದಿ ಹಣ್ಣು ಕೊಟ್ಟು, "ಮೇಕೆಗೆ ಹಾಕಮ್ಮ, ಬೀಜ ಬೇಕು" ಎಂದರು. ನಾನು ಒಂದು ಹಣ್ಣು ಎತ್ತಿ ಮೂಸಿ ನೋಡಿದೆ.

ಹೊಸದುರ್ಗದ ಕಡೆಯ ನನ್ನಜ್ಜಿಯೂ ಹೀಗೆಯೇ ಮಾಡುತ್ತಿದ್ದಳು. ಹೆಬ್ಬೇವಿನ ಬೀಜ ಸುಮ್ಮನೆ ಬಿತ್ತಿದರೆ ಮೊಳೆಯುವುದು ಕಷ್ಟ. ಮೇಕೆ ಹಣ್ಣು ತಿಂದು, ಮೆಲುಕು ಹಾಕುವಾಗ ಉಗುಳಿದ ಬೀಜವನ್ನು ಅಜ್ಜಿ ದೊಡ್ಡಿಯಲ್ಲಿ ಆರಿಸಿ ಸಸಿ ಮಡಿಗೆ ಹಾಕುತ್ತಿದ್ದಳು. ಚಿಕ್ಕವಳಿದ್ದಾಗ ಒಮ್ಮೆ ರಜೆಗೆ ಹೋಗಿದ್ದ ನಾನು, ಅಜ್ಜಿಗೆ ಖುಷಿಯಾಗಲೆಂದು ಬೇಲಿಯ ಮರದಿಂದ ಮಡಿಲು ತುಂಬ ಹಣ್ಣು ತಂದು ಗಬ್ಬದ ಮೇಕೆ ಗೌರಿಗೆ ತಿನ್ನಿಸಿದೆ. ಅದು ಹೆಬ್ಬೇವಲ್ಲ, ನೋಡಲು ಹಾಗೆಯೇ ಇರುವ ಹುಚ್ಚುಬೇವು. ವಿಷ. ಸಂಜೆಗೆ ಗೌರಿ ನೊರೆ ಕಾರಿ ಸತ್ತಿತು. ಹೊಟ್ಟೆಯೊಳಗಿನ ಮರಿ ಇನ್ನೂ ಸ್ವಲ್ಪ ಹೊತ್ತು ಮಿಸುಕಾಡುತ್ತಿತ್ತು.

ತಾತ ಓಡಿ ಬಂದ. "ಏನಾತೇ ಇದಕ್ಕೆ?"

ಅಜ್ಜಿ ಉಳಿದ ಹಣ್ಣುಗಳನ್ನು ಸೆರಗಿನೊಳಗೆ ಬಾಚಿಕೊಂಡು, "ಹಾವು ಮುಟ್ಟೈತೆ ಕಣ್ರಿ" ಎಂದಳು. ನನ್ನನ್ನು ಬೈಯಲಿಲ್ಲ, ನನ್ನತ್ತ ತಿರುಗಲೂ ಇಲ್ಲ. ಆಮೇಲೆ ನಾನು ಊರಿಗೆ ಹೋದಾಗಲೆಲ್ಲ ದೊಡ್ಡಿಯ ಬಾಗಿಲಿಗೆ ಅಗಳಿ ಹಾಕಿರುತ್ತಿತ್ತು.

ಇವತ್ತು ಒಂದೊಂದೇ ಹಣ್ಣನ್ನು ತಿರುಗಿಸಿ ನೋಡುತ್ತ ನಿಂತಿದ್ದೆ. "ಏನಮ್ಮ, ಇಂಗ್ಲಿಷ್ ಓದಿದೋರು ಮೇಕೆ ಮೇವಿಗೂ ಪರೀಕ್ಷೆ ಮಾಡ್ತೀರಾ?" ಎಂದು ಅತ್ತೆ ನಕ್ಕರು. ನಾನೂ ನಕ್ಕೆ. ಬುಟ್ಟಿಯನ್ನು ಅವರ ಕೈಗೇ ಕೊಟ್ಟೆ.