ಪದವಿಪತ್ರಕ್ಕೆ ಕುಂಕುಮ

“ನಮ್ಮ ವಂಸ್ದೋರ್ ತಲ್ಗೆ ಓದು ಅತ್ತಕ್ಕಿಲ್ಲ, ಡಿಗ್ರಿ ಆಸೆ ಬುಡ್ಲಾ” ಅಂದಿದ್ದವರು ನನ್ನ ದೊಡ್ಡಪ್ಪ. ಅದೇ ದೊಡ್ಡಪ್ಪ ಮೊನ್ನೆ ನನ್ನ ಪದವಿ ಪ್ರಮಾಣಪತ್ರವನ್ನು ಹೊಸಹೊಳಲಿನ ಲಕ್ಷ್ಮೀನಾರಾಯಣ ದೇವಸ್ಥಾನಕ್ಕೆ ತಂದು ಅರ್ಚಕರ ತಟ್ಟೆಯಲ್ಲಿಟ್ಟರು. ಮರುದಿನ ಕೆಲಸದ ಸಂದರ್ಶನಕ್ಕೆ ಅದನ್ನೇ ತೋರಿಸಬೇಕಿತ್ತು. ನಮ್ಮ ಮನೆಯಲ್ಲಿ ಮೊದಲು ಡಿಗ್ರಿ ಮುಗಿಸಿದವನು ನಾನು. ಹಾಳೆಗೆ ದೀಪದ ಎಣ್ಣೆ ತಾಗೀತೆಂದು ನಿಂತಲ್ಲಿ ನಿಲ್ಲಲಾಗಲಿಲ್ಲ. ಜನ ದೂರದೂರದಿಂದ ನೋಡಲು ಬರುವ ಆ ಗುಡಿಯ ಕೆತ್ತನೆಯ ಕಂಬಗಳು ನನ್ನ ಕಣ್ಣಿಗೇ ಬೀಳಲಿಲ್ಲ.

ಪೂಜೆ ಮುಗಿದು ತಟ್ಟೆ ಹೊರಬಂತು. ಹಾಳೆಗೆ ಏನೂ ಆಗಿರಲಿಲ್ಲ. ಆದರೆ ನಮ್ಮ ಮನೆಗೆ ಟ್ರಾಕ್ಟರು ಬಂದರೂ ಹಾಲು ಕರೆಯುವ ಮೆಷಿನ್ ಬಂದರೂ ಕುಂಕುಮ ಇಟ್ಟೇ ಮುಟ್ಟುವುದು. ದೊಡ್ಡಪ್ಪ ಒದ್ದೆ ಕುಂಕುಮದಲ್ಲಿ ಬೆರಳದ್ದಿ ನನ್ನ ಹೆಸರಿನ ಹತ್ತಿರಕ್ಕೇ ಒಯ್ದರು.

“ದೊಡ್ಡಪ್ಪಾ, ಬ್ಯಾಡ! ಕಲೆ ಆದ್ರೆ ಇಂಟರ್‌ವ್ಯೂನಲ್ಲಿ ತಗಳಕ್ಕಿಲ್ಲ!” ಎಂದು ಕೂಗಿಬಿಟ್ಟೆ. ದರ್ಶನಕ್ಕೆ ನಿಂತವರೆಲ್ಲ ತಿರುಗಿ ನೋಡಿದರು.

ಅವರ ಬೆರಳು ಗಾಳಿಯಲ್ಲೇ ನಿಂತಿತು. ಆಮೇಲೆ ಆ ಕುಂಕುಮವನ್ನು ನನ್ನ ಹಣೆಗೆ ಒತ್ತಿ, ಹಾಳೆಯನ್ನು ನನ್ನ ಕೈಗಿಟ್ಟು ಅಂದರು: “ತಗೋ ಕಣ್ಲಾ. ಓದಿದ್ದು ನೀನು, ಕಾಗ್ದ ಅಲ್ವಲ್ಲ.”