ಮದುವೆಯಾಗದ ಹುಡುಗಿ ಹೇಳಿದ ಒಡಪು

ಆಗ ನನಗೆ ಐವತ್ತೊಂಬತ್ತು ವರ್ಷ. ಇದು ಮೂರು ವರ್ಷದ ಹಿಂದಿನ ಮಾತು. ವಿಜಯಪುರದ ಒಂದು ವಿಶ್ವವಿದ್ಯಾಲಯದ ಹೆಣ್ಣುಮಕ್ಕಳ ಹಾಸ್ಟೆಲ್‌ನಲ್ಲಿ ನಾನು ಮುಖ್ಯ ಅಡುಗೆಯವಳಾಗಿದ್ದೆ. ಮುಖ್ಯ ಅಂದರೆ ದೊಡ್ಡದೇನಲ್ಲ, ಸಾರು ಕೆಟ್ಟರೆ ಬೈಸಿಕೊಳ್ಳುವವಳು ನಾನು, ಅಷ್ಟೇ. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವಳು, ಬರೆಯುವುದು ನಿಧಾನ. ಆದರೆ ಈ ಪ್ರಕರಣವನ್ನು ಬೇರೆಯವರ ಕೈಲಿ ಬರೆಸಿದರೆ ಅವರು ಅದಕ್ಕೆ ಸಕ್ಕರೆ ಸುರಿಯುತ್ತಾರೆ. ಅದಕ್ಕೇ ನಾನೇ ಬರೆದಿದ್ದೇನೆ.

ಆ ವರ್ಷ ನಮ್ಮ ಭಾಷಾ ವಿಭಾಗದವರು ಒಂದು ಹೊಸ ಕೆಲಸ ಹಚ್ಚಿಕೊಂಡರು. ಹೈಸ್ಕೂಲು, ಪಿಯು ಕಲಿಯುವ ಹುಡುಗಿಯರಲ್ಲಿ ಭಾಷೆ, ಸಾಹಿತ್ಯ ಅಂದರೆ ಆಸೆ ಇರುವವರನ್ನು ಕರೆಸಿ ಮೂರು ದಿನ ಇಲ್ಲೇ ಇಟ್ಟುಕೊಳ್ಳುವುದು. ಹಾಸ್ಟೆಲ್‌ನಲ್ಲಿ ಮಲಗಬೇಕು, ಮೆಸ್ಸಿನಲ್ಲಿ ಉಣ್ಣಬೇಕು, ಪಾಠಕ್ಕೆ ಕೂಡಬೇಕು, ಲೈಬ್ರರಿಯಲ್ಲಿ ಅಡ್ಡಾಡಬೇಕು. ಇಲ್ಲಿಯ ಬದುಕು ಹೇಗಿರುತ್ತದೆ ಎಂದು ಮೊದಲೇ ನೋಡಿಕೊಂಡು, ಆಮೇಲೆ ಏನು ಕಲಿಯಬೇಕೆಂದು ಅವರೇ ನಿರ್ಧರಿಸಲಿ ಎಂಬ ವಿಚಾರ. ನನಗೆ ಬಂದದ್ದು ಇಂಡೆಂಟಿನ ಚಿಂತೆ. ಇಂಡೆಂಟ್ ಎಂದರೆ ಇಷ್ಟು ಜನಕ್ಕೆ ಇಷ್ಟು ಹಿಟ್ಟು, ಇಷ್ಟು ಬೇಳೆ ಬೇಕೆಂದು ಉಗ್ರಾಣಕ್ಕೆ ಮೊದಲೇ ಬರೆದು ಕೊಡುವುದು. ನಲವತ್ತು ಹುಡುಗಿಯರಿಗೆ ಬರೆಸಿ ಕೊಟ್ಟೆ.

ತಿಕೋಟಾ, ಬಬಲೇಶ್ವರ ಕಡೆಯಿಂದ ಬಸ್ಸು ಬಂತು. ಹುಡುಗಿಯರು ಇಳಿದರು. ಎಲ್ಲರೂ ಇಳಿದ ಮೇಲೆ ತಲೆಯ ಮೇಲೆ ಗಂಟು ಹೊತ್ತುಕೊಂಡು ಒಬ್ಬ ಮುದುಕಿಯೂ ಇಳಿದಳು. ನನಗಿಂತ ಹತ್ತು ವರ್ಷ ದೊಡ್ಡವಳಿರಬೇಕು. ಕಚ್ಚೆ ಸೀರೆ, ಕೈತುಂಬ ಹಸಿರು ಬಳೆ.

"ನೀವ್ಯಾರು?" ಎಂದರು ವಾರ್ಡನ್.

"ನಾ ಗಂಗವ್ವ, ತಿಕೋಟಾದಾಕಿ. ಈ ಭಾಗ್ಯಶ್ರೀ ಆಯಿ. ಇಕಿ ಕೂಡ ಬಂದೇನಿ."

"ಪಾಲಕರಿಗೆ ಇರಲು ಅವಕಾಶ ಇಲ್ಲ, ಅಜ್ಜಿ."

"ಇಲ್ಲಾಂದ್ರ ಹೋಗ್ತೀನಿ ಬಿಡ್ರಿ. ಇಕಿನ್ನೂ ಕರಕೊಂಡ ಹೋಗ್ತೀನಿ." ಗಂಟನ್ನು ಇಳಿಸಲೂ ಇಲ್ಲ, ತಿರುಗಿ ಬಸ್ಸಿನ ಮೆಟ್ಟಿಲಿಗೆ ಕಾಲಿಟ್ಟಳು.

ಹುಡುಗಿಯ ಮುಖ ನೋಡಿದೆ. ಪಿಯು ಎರಡನೇ ವರ್ಷದವಳು, ಸಣ್ಣ ಜೀವ, ತುಟಿ ಕಚ್ಚಿಕೊಂಡು ನಿಂತಿದ್ದಳು. ನಾನೆಂದೆ, "ಮೇಡಂ, ನನ್ನ ಅಡಗಿಮನ್ಯಾಗ ಇರಲಿ. ರೊಟ್ಟಿ ಬಡ್ಯಾಕ ಕೈ ಬೇಕ ಆಗೇತಿ." ವಾರ್ಡನ್ ನಿಟ್ಟುಸಿರು ಬಿಟ್ಟು ಒಪ್ಪಿದರು.

ಗಂಗವ್ವ ಒಲೆಯ ಮುಂದೆ ಕೂತ ಕೂಡಲೇ ವಿಷಯ ಬಿಚ್ಚಿದಳು. ಅವಳ ಮಗನದು ಒಣದ್ರಾಕ್ಷಿ ವ್ಯಾಪಾರ. ತನ್ನ ಮಗಳು ಭಾಗ್ಯಶ್ರೀ ಬಿಕಾಂ ಮಾಡಿ ಲೆಕ್ಕಪತ್ರ ನೋಡಿಕೊಳ್ಳಲಿ ಎಂದು ಅವನು. ಕನ್ನಡ ತೆಗೆದುಕೊಂಡು ಬಿಎ ಮಾಡುತ್ತೇನೆ ಎಂದು ಇವಳು. ಮನೆಯಲ್ಲಿ ಎರಡು ತಿಂಗಳು ಜಗಳ.

"ನನ್ನ ಮಗಾ ಅಂತಾನ, ಮನ್ಯಾಗ ಮಾತಾಡೂದು ಕನ್ನಡನ, ಅದನ್ನ ಕಲ್ಯಾಕ ಯುನಿವರ್ಸಿಟಿ ಯಾಕ ಅಂತ. ಕಡೀಕ ನನ್ನ ಮ್ಯಾಲ ಬಂತು. ನಾ ನೋಡಿ ಹೋಗಿ ಹೂಂ ಅಂದ್ರ ಬಿಎ, ಊಂಹೂಂ ಅಂದ್ರ ಬಿಕಾಂ. ಅವಾ ಒಪ್ಯಾನ, ಇಕೀನೂ ಒಪ್ಯಾಳ."

"ಮತ್ತ ನಿನಗ ಏನ ಅನಸ್ತೈತಿ?"

"ನೋಡಿಲ್ಲಲಾ ಇನ್ನ. ನೀ ರೊಟ್ಟಿ ದಪ್ಪ ಮಾಡತಿ ನೋಡು."

ನನ್ನ ರೊಟ್ಟಿ ದಪ್ಪವಿರುವುದಿಲ್ಲ. ಆದರೆ ನ್ಯಾಯಾಧೀಶೆ ಬಂದಿದ್ದಾಳೆಂದು ತಿಳಿದ ಮೇಲೆ ಸುಮ್ಮನಿದ್ದೆ.

ಮೊದಲ ದಿನ ಹುಡುಗಿಯ ಪರವಾಗಿ ಏನೂ ನಡೆಯಲಿಲ್ಲ. ಪಾಠ ಮಾಡಿದವರು ಅನುಪಮಾ ಮೇಡಂ, ಮೈಸೂರು ಕಡೆಯವರು, ಸಣ್ಣ ವಯಸ್ಸು. ಒಂದು ಪದ್ಯ ಓದಿ, ಬಿಡಿಸಿ ಹೇಳಿ, ಹುಡುಗಿಯರನ್ನು ಮಾತಾಡಿಸಲು ನೋಡಿದರು. ಒಬ್ಬಳೂ ಬಾಯಿ ಬಿಡಲಿಲ್ಲ. ತಮ್ಮ ಮಾತು ಕೇಳಿದರೆ ನಗುತ್ತಾರೆಂಬ ಅಂಜಿಕೆ. ಭಾಗ್ಯಶ್ರೀಯನ್ನು ಎಬ್ಬಿಸಿ ಕೇಳಿದರೆ ನೆಲ ನೋಡಿಕೊಂಡು ನಿಂತಳು. ಗಂಗವ್ವ ಕಿಟಕಿಯಾಚೆ ನಿಂತು ಎಲ್ಲ ನೋಡಿ ಬಂದಳು.

"ಒಂದ ಪದಕ್ಕ ಇಷ್ಟೊತ್ತೇನ ಬೇ? ಇಷ್ಟೊತ್ತಿಗೆ ನಾವು ಅರ್ಧಾ ತೋಟದ ಕಳೆ ತಗದಿರ್ತಿದ್ವಿ. ಅದೂ ಹೋಗಲಿ, ಮಾತಾ ಆಡದಾಕಿ ಮಾತಿನ ವಿದ್ಯಾ ಏನ ಕಲೀತಾಳ? ಬಿಕಾಂ ಮಾಡ್ಲಿ. ಲೆಕ್ಕಕ್ಕ ಬಾಯಿ ಬೇಕಾಗಂಗಿಲ್ಲ."

ಅವಳು ಹೇಳಿದ್ದು ನನಗೂ ಸರಿ ಎನ್ನಿಸಿತ್ತು.

ಎರಡನೆಯ ದಿನ ಸಂಜೆ ಊಟಕ್ಕೆ ಹುಡುಗಿಯರು ಸಾಲಾಗಿ ಕೂತಿದ್ದರು. ನನ್ನ ಜೊತೆ ಕೆಲಸ ಮಾಡುವ ಶಾಂತವ್ವ ನಿಡೋಣಿಯವಳು, ಬಾಯಿ ಬಡುಕಿ. ಗಂಗವ್ವ ತಾಟು ಹಿಡಿದು ಕೂಡಲು ಹೋದಾಗ ಇವಳು ತಾಟಿಗೆ ಕೈ ಅಡ್ಡ ಹಿಡಿದಳು.

"ಎಲ್ಲಿ ಕುಂದ್ರತಿ? ಎರಡ ದಿನಾ ಆತು, ಇನ್ನ ಹೆಸರ ಹೇಳಿಲ್ಲ. ಹೆಸರ ಹೇಳು, ಆಮ್ಯಾಲ ಉಣ್ಣು."

ಹೆಸರು ಎಂದರೆ ಗಂಡನ ಹೆಸರು. ನಮ್ಮ ಕಡೆ ಹೆಂಡತಿ ಗಂಡನ ಹೆಸರನ್ನು ಬರಿದೇ ಹೇಳುವುದಿಲ್ಲ. ಮದುವೆ, ಸೀಮಂತ, ಉಡಿ ತುಂಬುವ ಹೊತ್ತಿನಲ್ಲಿ ಹೆಂಗಸರು ಅಡ್ಡಗಟ್ಟಿ ಕೇಳಿದಾಗ, ಎರಡು ಸಾಲಿನ ಪ್ರಾಸದ ಪದ ಕಟ್ಟಿ ಅದರೊಳಗೆ ಹೆಸರು ಸೇರಿಸಿ ಹೇಳುತ್ತಾಳೆ. ಅದಕ್ಕೆ ಒಡಪು ಎನ್ನುತ್ತೇವೆ. ಗಂಗವ್ವನ ಗಂಡ ಗಟ್ಟಿಯಾಗಿದ್ದಾನೆ, ದ್ರಾಕ್ಷಿ ಒಣಹಾಕುವ ಶೆಡ್ಡಿನಲ್ಲಿ ಕೂತು ಎಲ್ಲರನ್ನೂ ಬೈಯುತ್ತಾನೆ ಎಂದು ಅವಳೇ ಹೇಳಿದ್ದಳು. ಹುಡುಗಿಯರೆಲ್ಲ "ಹೇಳ್ರಿ ಆಯಿ, ಹೇಳ್ರಿ" ಎಂದು ಗದ್ದಲ ಹಚ್ಚಿದರು. ಗಂಗವ್ವ ಸೆರಗು ಸರಿಮಾಡಿಕೊಂಡಳು.

"ಪಡಸಾಲ್ಯಾಗ ಕುಂತು ಶೇಂಗಾ ಸುಲೀತೇನಿ,
ಸಂಗಪ್ಪ ಬೈದ್ರ ಕಿವ್ಯಾಗ ಹತ್ತಿ ಇಟ್ಕೋತೇನಿ."

ಮೆಸ್ಸೆಲ್ಲ ಗೊಳ್ಳೆಂದು ನಕ್ಕಿತು. ಎರಡು ದಿನದಿಂದ ಬಾಯಿ ಹೊಲಿದುಕೊಂಡಿದ್ದ ಹುಡುಗಿಯರು ತಾಟು ಬಡಿದರು, ಒಬ್ಬರನ್ನೊಬ್ಬರು ನೂಕಿದರು. ಆ ಗದ್ದಲದಲ್ಲೇ ಭಾಗ್ಯಶ್ರೀ ಎದ್ದು ನಿಂತಳು. ಯಾರೂ ಎಬ್ಬಿಸಿರಲಿಲ್ಲ. ಗಟ್ಟಿ ದನಿಯಲ್ಲಿ ಹೇಳಿದಳು:

"ಬಳ್ಳಿ ಮ್ಯಾಲ ಹಸರ ದ್ರಾಕ್ಷಿ, ಶೆಡ್ಡಿನಾಗ ಕಂದು,
ಪ್ರವೀಣನ ಹೆಸರ ಹೇಳತೇನಿ ಎಲ್ಲಾರ ಮುಂದ ನಿಂದು."

ನಗು ಅಲ್ಲಿಗೇ ನಿಂತಿತು. ಮದುವೆಯಾಗದ ಹುಡುಗಿ ಒಡಪಿನಲ್ಲಿ ಗಂಡಸಿನ ಹೆಸರು ಹೇಳುವುದೆಂದರೆ ನಮ್ಮಲ್ಲಿ ಅರ್ಥ ಒಂದೇ, ಅವನನ್ನು ಮನಸ್ಸಿನಲ್ಲಿ ಗಂಡ ಎಂದು ಮಾಡಿಕೊಂಡಾಗಿದೆ. ಶಾಂತವ್ವನ ಕೈಯ ಸೌಟು ಸಾರಿನಲ್ಲಿ ಮುಳುಗಿತು.

"ಯಾವ ಪ್ರವೀಣಲೇ?" ಎಂದಳು ಗಂಗವ್ವ. ದನಿ ಸಣ್ಣದಾಗಿತ್ತು. "ಬಸ್‌ಸ್ಟ್ಯಾಂಡ್ ಹತ್ರ ಔಷಧದ ಅಂಗಡಿಯವನ ಮಗನೇನು? ಫಟ್‌ಫಟಿ ಮ್ಯಾಲ ತಿರಗ್ತಾನಲ್ಲ, ಅವನಾ?"

"ಯಾರೂ ಇಲ್ಲ, ಆಯಿ! ಆ ಜಾಗಕ್ಕ ಒಂದ ಹೆಸರ ಬೇಕಾಗಿತ್ತು. ಬಾಯಿಗೆ ಬಂತು, ಹೇಳಿದೆ."

"ಬಾಯಿಗೆ ಸುಮ್ಮ ಸುಮ್ಮನ ಬರ್ತೈತೇನು? ಕ್ಲಾಸಿನಾಗ ಬಾಯಿಗೆ ಬಾರದ್ದು ಇಲ್ಲಿ ಹೆಂಗ ಬಂತು? ಕನ್ನಡಾ ಅಂತ ಹಟಾ ಹಿಡದದ್ದು ಇದಕ್ಕೇನು? ನಡೀ ಮನಿಗೆ. ಬಿಎನೂ ಬ್ಯಾಡ, ಬಿಕಾಮೂ ಬ್ಯಾಡ. ನಿಮ್ಮಪ್ಪಗ ಹೇಳಿ ಈ ವರ್ಷನ ಲಗ್ನಾ ಮಾಡಸ್ತೀನಿ."

ಅಡುಗೆಮನೆಗೆ ನುಗ್ಗಿ ಗಂಟು ಕಟ್ಟತೊಡಗಿದಳು. ಹುಡುಗಿ ಬಿಳಿಚಿಕೊಂಡು ನಿಂತಿದ್ದಳು, ಅಳಲೂ ಇಲ್ಲ. ಮುದುಕಿ ಸುಮ್ಮನೆ ಹೆದರಿಸುವವಳಲ್ಲ, ಹೇಳಿದ್ದನ್ನು ಮಾಡುವವಳೆಂದು ಎರಡು ದಿನದಲ್ಲಿ ತಿಳಿದಿದ್ದೆ. ಒಬ್ಬ ಹುಡುಗಿಯನ್ನು ಅನುಪಮಾ ಮೇಡಂ ಕಡೆಗೆ ಓಡಿಸಿ, ಬಾಗಿಲಿಗೆ ಅಡ್ಡ ನಿಂತೆ.

"ದಾರಿ ಬಿಡು, ಸರಿ ಬೇ" ಎಂದಳು ಗಂಗವ್ವ.

"ಸರಿಯಂಗಿಲ್ಲ. ದೀಪಾ ಹಚ್ಚೂ ಹೊತ್ತಿನಾಗ ಹೆಣ್ಣಮಗಳನ್ನ ಉಪಾಸ ಕರಕೊಂಡ ಹೊರಗ ಹೋಗ್ತಿಯೇನು? ನಿಮ್ಮ ಊರಾಗ ಹಂಗ ಮಾಡ್ತಾರೇನು? ಉಂಡ ಹೋಗು."

ಆ ಮಾತಿಗೆ ಅವಳು ಕಟ್ಟುಬಿದ್ದಳು. ಗಂಟನ್ನು ಬಾಗಿಲ ಮುಂದೆಯೇ ಕುಕ್ಕಿ ಅದರ ಮೇಲೆ ಕೂತಳು. "ಅಕಿ ಉಣ್ಣಲಿ. ನಾ ಉಣ್ಣಂಗಿಲ್ಲ."

ಅನುಪಮಾ ಮೇಡಂ ಓಡುತ್ತಲೇ ಬಂದರು. ನಡೆದದ್ದನ್ನು ಹೇಳಿದೆ. ಅವರ ಸೀಮೆಯಲ್ಲಿ ಒಡಪಿನ ರೂಢಿ ಇಲ್ಲವಂತೆ, ಹಾಗಾಗಿ ಎರಡು ಸಲ ಕೇಳಿ ತಿಳಿದುಕೊಂಡರು. ಆಮೇಲೆ ಗಂಗವ್ವನ ಮುಂದೆ ನೆಲದ ಮೇಲೆಯೇ ಕೂತರು. ನಿಜ ಹೇಳಬೇಕೆಂದರೆ, ಬುದ್ಧಿವಾದ ಹೇಳಿ ಕೆಡಿಸುತ್ತಾರೆ ಎಂದುಕೊಂಡಿದ್ದೆ. ಅವರು ಕೆಡಿಸಲಿಲ್ಲ.

"ಅಜ್ಜಿ, ನಿಮ್ಮ ಸಂಶಯ ನ್ಯಾಯವಾದದ್ದೇ. ಆದರೆ ಪರೀಕ್ಷೆ ಮಾಡೋಣ. ಪ್ರವೀಣ ಅನ್ನೋನು ಇದ್ದರೆ ಅವಳು ಆ ಒಂದು ಹೆಸರಿಗೇ ಮೊದಲೇ ಕಟ್ಟಿಕೊಂಡು ಬಂದಿರುತ್ತಾಳೆ. ಬೇರೆ ಹೆಸರಿಗೆ ತಡವರಿಸುತ್ತಾಳೆ. ಹೆಸರು ನೀವು ಕೊಡಿ. ಇಲ್ಲೇ, ನಿಂತ ಹಾಗೇ ಹೇಳಲಿ."

ಗಂಗವ್ವ ಅವರನ್ನು ಮೇಲೆ ಕೆಳಗೆ ನೋಡಿದಳು. ಆಮೇಲೆ ಸುತ್ತ ಕಣ್ಣಾಡಿಸಿದಳು. ನಮ್ಮ ಮುದುಕ ವಾಚ್‌ಮನ್ ಬಸಪ್ಪ ಊಟದ ತಾಟು ಹಿಡಿದು ಹಿಂದಿನ ಬಾಗಿಲಲ್ಲಿ ನಿಂತಿದ್ದ. "ಅವನ ಹೆಸರಿಗೆ ಹೇಳಲಿ."

ಭಾಗ್ಯಶ್ರೀ ಬಸಪ್ಪನನ್ನು ನೋಡಿದಳು. ತುಟಿ ಒಂದೆರಡು ಸಲ ಅಲುಗಿದವು.

"ಗೇಟಿನಾಗ ಕುಂತು ಹೊಡೀತಾನ ನಿದ್ದಿ,
ಬಸಪ್ಪಗ ಬಡಿಗಿ ಕೊಟ್ಟಾರಿಗೆ ಎಲ್ಲಿತ್ತ ಬುದ್ಧಿ?"

"ನಾ ಎಲ್ಲಿ ಮಕ್ಕೊಂಡೀನಿ?" ಎಂದ ಬಸಪ್ಪ. ಅವನ ಮಾತು ಯಾರಿಗೂ ಕೇಳಿಸಲಿಲ್ಲ, ಅಷ್ಟು ನಗು. ಗಂಗವ್ವ ಮಾತ್ರ ನಗಲಿಲ್ಲ. "ಇನ್ನೊಂದು" ಎಂದಳು.

ಶಾಂತವ್ವನಿಗೆ ತಡೆಯಲಾಗಲಿಲ್ಲ. "ನನ್ನ ಗಂಡನ ಹೆಸರಿಗೆ ಕಟ್ಟ, ತಂಗಿ! ಯಲ್ಲಪ್ಪ!"

"ನಿಡೋಣಿ ಬಸ್ಸಿನಾಗ ಸಿಗಲಿಲ್ಲ ಜಾಗ,
ಯಲ್ಲಪ್ಪನ ಹೆಗಲ ಮ್ಯಾಲ ಕುಂತ ಬಂದೆ ಈಗ."

ಶಾಂತವ್ವನದು ನನ್ನ ಎರಡರಷ್ಟು ಮೈ. ಅವಳೇ ಎಲ್ಲರಿಗಿಂತ ಜೋರಾಗಿ ನಕ್ಕಳು. ಈಗ ಹುಡುಗಿಯರು ಮೇಜಿನ ಮೇಲೆ ಹತ್ತಿದ್ದರು. ಕಾಖಂಡಕಿಯ ಒಬ್ಬಳು ಬೇಕೆಂದೇ ಕೂಗಿದಳು, "ರೇವಣಸಿದ್ದೇಶ್ವರ! ರೇವಣಸಿದ್ದೇಶ್ವರಗ ಕಟ್ಟ ನೋಡೂಣು!"

ಇದಕ್ಕೆ ಅವಳು ತಡೆದಳು. ಕಣ್ಣು ಮುಚ್ಚಿದಳು. ಅಡುಗೆಯವಳಿಗೆ ಒಡಪಿನಿಂದ ಆಗಬೇಕಾದ್ದು ಏನಿದೆ, ಆದರೂ ಒಲೆಯ ಮೇಲಿನ ಸಾರು ಮರೆತು ನಿಂತಿದ್ದೆ.

"ಹೇಳಿ ಹೇಳಿ ದಣದೇನಿ, ಕೊಡ್ರಿ ಒಂದ ಚರಗಿ ನೀರ,
ಇಷ್ಟ ಉದ್ದ ಯಾಕ ಇಟ್ಟಾರ್ರೀ, ರೇವಣಸಿದ್ದೇಶ್ವರ?"

ಅನುಪಮಾ ಮೇಡಂ ಎದ್ದು ಚಪ್ಪಾಳೆ ತಟ್ಟಿಬಿಟ್ಟರು. ನಿನ್ನೆ ನೆಲ ನೋಡುತ್ತಿದ್ದ ಹುಡುಗಿಯ ಕೆನ್ನೆ ಕೆಂಪಾಗಿತ್ತು, ಕಣ್ಣು ಹೊಳೆಯುತ್ತಿದ್ದವು. ಗಂಗವ್ವ ಕೈ ಎತ್ತಿದಳು. ಎಲ್ಲರೂ ಸುಮ್ಮನಾದರು.

"ಗಂಡಸರ ಹೆಸರು ಸಾಕು. ನನ್ನ ಹೆಸರಿಗೆ ಕಟ್ಟ."

ಹೆಂಗಸಿನ ಹೆಸರಿಗೆ ಒಡಪು ಕಟ್ಟಿದ್ದನ್ನು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಗಂಗವ್ವನೂ ಕೇಳಿರಲಿಕ್ಕಿಲ್ಲ. ಸೋಲಿಸಬೇಕೆಂದೇ ಕೇಳಿದಳೋ, ಆಸೆಗೆ ಕೇಳಿದಳೋ, ಈಗಲೂ ನನಗೆ ಗೊತ್ತಿಲ್ಲ. ಭಾಗ್ಯಶ್ರೀ ಗಂಟಿನ ಮೇಲೆ ಕೂತ ಅಜ್ಜಿಯನ್ನು ದಿಟ್ಟಿಸಿದಳು.

"ಹೋಗೂಣ ನಡಿ ಅಂದಾಕಿ ಗಂಟಿನ ಮ್ಯಾಲ ಕುಂತ್ಲು,
ಗಂಗವ್ವ ಹೂಂ ಅಂದ್ರ ಸಾಕಂತ ಮೊಮ್ಮಗಳು ನಿಂತ್ಲು."

ಗಂಗವ್ವ ಕೂತಲ್ಲೇ ಸರಿದಾಡಿ ನನ್ನ ಕಡೆ ತಿರುಗಿದಳು.

"ನೀಲವ್ವಾ, ಗಂಟಿನಾಗ ತಂಬಗಿ ಐತಿ, ಚುಚ್ಚಾಕತ್ತೈತಿ. ಒಂದ ಮಣಿ ಕೊಡು. ತಾಟ ಹಚ್ಚು."

ಮಣೆ ಕೊಟ್ಟೆ. ಉಂಡಳು. ನನ್ನ ರೊಟ್ಟಿ ನಾಲ್ಕು ಉಂಡಳು, ದಪ್ಪ ಎನ್ನಲಿಲ್ಲ. ಕೈ ತೊಳೆದು ಬಂದು, "ನಿನ್ನ ಫೋನ್ ತಾ" ಎಂದಳು. ಮಗನಿಗೆ ಹಚ್ಚಿಕೊಟ್ಟೆ. ಅವಳು ಫೋನಿನಲ್ಲಿ ಕೂಗಿಯೇ ಮಾತಾಡುವವಳು. ಇಡೀ ಮೆಸ್ಸು ಕೇಳಿತು.

"ಹುಡುಗಿ ಬಿಎ ಮಾಡ್ತಾಳ. ಕನ್ನಡಾ. ಹೂಂ, ನಾನ ಹೇಳೇನಿ. ಏನ? ಲೆಕ್ಕಾ ಯಾರ ನೋಡ್ತಾರಂದ್ರ? ನಿನ್ನ ಹೇಣ್ತಿ ಹತ್ತನೆತ್ತಿ ಪಾಸಾಗ್ಯಾಳ, ಹದಿನೆಂಟ ವರ್ಷದಿಂದ ರೊಟ್ಟಿ ಬಡ್ಯಾಕತ್ತಾಳ. ಅಕಿ ಕೈಯಾಗ ಕೊಡು. ಇಡು ಫೋನು."

ಹುಡುಗಿಯರು ಕಿರುಚಿದ ಕಿರುಚಾಟಕ್ಕೆ ವಾರ್ಡನ್ ಓಡಿ ಬಂದರು. ಭಾಗ್ಯಶ್ರೀ ಅಜ್ಜಿಯ ಕುತ್ತಿಗೆಗೆ ಜೋತುಬಿದ್ದಳು. "ಬಿಡಲೇ, ಉಂಡದ್ದು ಹೊರಗ ಬರ್ತೈತಿ" ಎಂದಳು ಗಂಗವ್ವ. ಆಮೇಲೆ ಮೆಲ್ಲಗೆ ಕಿವಿಯಲ್ಲಿ, "ಖರೇನ ಪ್ರವೀಣ ಯಾರೂ ಇಲ್ಲಲಾ?"

"ಇಲ್ಲ, ಆಯಿ."

"ಇಲ್ಲದ್ದ ಅವನ ಪುಣ್ಯಾ ಬಿಡು. ಇದ್ದಿದ್ರ ಬಸಪ್ಪಗಾದ ಗತೀನ ಅವಗೂ ಆಗ್ತಿತ್ತು."

ಈ ಕೆಲಸದಲ್ಲಿ ನಾನು ಕಲಿತದ್ದನ್ನು ಹೇಳಿ ಮುಗಿಸುತ್ತೇನೆ. ಯಾರಿಗೆ ಏನು ಬರುತ್ತದೆ ಎನ್ನುವುದು ಎಬ್ಬಿಸಿ ನಿಲ್ಲಿಸಿ ಕೇಳಿದಾಗ ಗೊತ್ತಾಗುವುದಿಲ್ಲ. ಮನೆಯಿಂದ ದೂರ ಎರಡು ದಿನ ಬೇರೆ ಸೂರಿನ ಕೆಳಗೆ ಉಂಡು ಮಲಗಿದ ಮೇಲೆ, ಅಂಜಿಕೆ ಸವೆದ ಮೇಲೆ, ಅದು ತಾನಾಗಿ ಹೊರಬೀಳುತ್ತದೆ. ಎಲ್ಲಿ ಬೀಳುತ್ತದೆ ಎನ್ನಲು ಬಾರದು. ಪಾಠದ ಕೋಣೆಯಲ್ಲೂ ಬೀಳಬಹುದು, ಸಾರಿನ ಪಾತ್ರೆಯ ಮುಂದೆಯೂ ಬೀಳಬಹುದು. ಬಿದ್ದಾಗ ಹತ್ತಿರ ಒಬ್ಬರು ಇರಬೇಕು, ಗಾಬರಿ ಬೀಳದೆ ಇನ್ನೊಂದು ಹೇಳು ಎನ್ನುವವರು. ಆವತ್ತು ಆ ಮೇಡಂ ಇದ್ದರು.

ಮದುವೆಯಾದಾಗ ನನ್ನ ಅತ್ತೆ ನನಗೊಂದು ಒಡಪು ಕಲಿಸಿದ್ದಳು. ಮಲ್ಲಿಗೆ, ಬೆಳ್ಳಿ ಬಟ್ಟಲು, ಪತಿದೇವರು, ಅಂಥದ್ದು. ನಲವತ್ತು ವರ್ಷ ಎಲ್ಲ ಮದುವೆಗಳಲ್ಲೂ ಅದನ್ನೇ ಹೇಳಿದ್ದೆ, ಬೇರೆ ಬರುತ್ತಿರಲಿಲ್ಲ. ಮರುದಿನ ಬೆಳಿಗ್ಗೆ ಒಲೆ ಹೊತ್ತಿಸಿ ಮೊದಲ ರೊಟ್ಟಿ ಬಡಿಯುವಾಗ, ಶಾಂತವ್ವ, ಗಂಗವ್ವ ಇಬ್ಬರೂ ಕೇಳುವ ಹಾಗೆ, ನನ್ನ ಗಂಡನ ಹೆಸರಿಗೆ ನನ್ನದೇ ಒಂದು ಕಟ್ಟಿ ಹೇಳಿದೆ:

"ರೊಟ್ಟಿ ಬಡದ ಸಪ್ಪಳಕ್ಕ ಎದ್ದು ನಿಂತಾವ ಓಣಿ ನಾಯಿ,
ಭೀಮಪ್ಪನ್ನ ಎಬ್ಬಸಾಕ ಹುಟ್ಟಿ ಬರಬೇಕ ಅವನ ತಾಯಿ."